ನಾನು ಮಡಿಯಲ್ಲಿದ್ದ ನಾಲ್ಕು ತಿಂಗಳು

ಕಳೆದ ತಿಂಗಳು ಒಂದು ಕುರ್ತಾ ಕೊಳ್ಳಲು ಟಿ. ನಗರಕ್ಕೆ ಹೋಗಿದ್ದೆ. ಜವಳಿ ಅಂಗಡಿ ಹೊಸದು, ಐದು ಮಹಡಿ, ಕಾಲಿಟ್ಟರೆ ಮೈ ಕೊರೆಯುವಷ್ಟು ಏಸಿ. ಆ ಜಾಗದಲ್ಲಿ ಹಿಂದೆ ನನ್ನ ಗಂಡನ ಮನೆಯಿತ್ತು. ಅತ್ತೆ ತೀರಿಕೊಂಡ ಮೇಲೆ ಮೈದುನ ಅದನ್ನು ಅಂಗಡಿಯವರಿಗೆ ಮಾರಿದ. ಏನಾಗಿದೆ ನೋಡೋಣ ಎಂದು ಬೇಕೆಂದೇ ಅಲ್ಲಿಗೆ ಹೋಗಿದ್ದೆ. ಬೀದಿಯ ಕಡೆಯಿಂದ ಅಂದಾಜು ಮಾಡಿದರೆ, ನಾನು ತಿಂಗಳುಗಟ್ಟಲೆ ಬಿದ್ದುಕೊಂಡಿದ್ದ ಹಿಂದಿನ ಕೋಣೆ ಇದ್ದಲ್ಲಿ ಈಗ ಟ್ರಯಲ್ ರೂಮು. ಕುರ್ತಾ ತೊಟ್ಟು ಕನ್ನಡಿ ನೋಡಿಕೊಳ್ಳುತ್ತಿದ್ದಾಗ ಹೊರಗೆ ಯಾರೋ ನೆಲ ಒರೆಸಿದರು. ಬಾಗಿಲ ಸಂದಿಯಿಂದ ಫಿನಾಯಿಲ್ ವಾಸನೆ ಒಳಗೆ ಬಂತು. ಬೇರೆಯವರಿಗೆ ಆ ವಾಸನೆಯೆಂದರೆ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮತ್ತೆ.

ನನ್ನ ಗಂಡ ಸತ್ತದ್ದು ಟಿ.ಬಿ.ಯಿಂದ. ಮನೆಯವರು ಊರಿಗೆಲ್ಲ ಹೇಳಿದ್ದು ಇಷ್ಟು, ಇದು ಸುಳ್ಳೂ ಅಲ್ಲ. ಟಿ.ಬಿ.ಗಿಂತ ಮೊದಲು ಅವನಿಗೆ ಎಚ್‌ಐವಿ ಇತ್ತು. ಅದು ಅವನಿಗೆ ಗೊತ್ತಿತ್ತು, ಅವನ ತಾಯಿಗೆ ಗೊತ್ತಿತ್ತು, ತಮ್ಮನಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅವನು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಡಾಕ್ಟರು ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ನನಗೂ ಇತ್ತು. ಪುಣ್ಯಕ್ಕೆ ಮಗಳು ಮೇಘನಾಗೆ ಇರಲಿಲ್ಲ. ಅವಳಿಗಾಗ ಎಂಟು ತುಂಬಿತ್ತು. ಗಂಡನ ಬಗ್ಗೆ ಇನ್ನೇನೂ ಬರೆಯುವುದಿಲ್ಲ. ಅವನಿಗೆ ಇಷ್ಟು ಜಾಗ ಕೊಟ್ಟದ್ದೇ ಹೆಚ್ಚು.

ಮೊದಲ ವರ್ಷ ಮನೆಯವರಿಗೆ ಕಷ್ಟವಾಗಲಿಲ್ಲ. ನನ್ನ ತಟ್ಟೆ ಲೋಟ ಬೇರೆಯಾದವು, ಹಾಸಿಗೆ ಹಿಂದಿನ ಕೋಣೆಗೆ ಹೋಯಿತು, ಮಗಳು ಅಜ್ಜಿಯ ಪಕ್ಕ ಮಲಗತೊಡಗಿದಳು. ಬಂದವರು ಕೇಳಿದರೆ, ಪಾಪ ದುಃಖದಲ್ಲಿದ್ದಾಳೆ ಎನ್ನುತ್ತಿದ್ದರು. ವರ್ಷಾಂತಿಕ ಮುಗಿದ ಮೇಲೆ ದುಃಖದ ನೆಪ ನಡೆಯದು. ಮದುವೆ ಮುಂಜಿಗಳಿಗೆ ಕರೆ ಬರುತ್ತದೆ, ನೆಂಟರು ಬಂದು ಉಳಿಯುತ್ತಾರೆ, ಹೆಂಗಸೊಬ್ಬಳು ಯಾಕೆ ಮೂಲೆಯಲ್ಲಿ ಒಬ್ಬಳೇ ಉಣ್ಣುತ್ತಾಳೆ ಎಂದು ಕೇಳುತ್ತಾರೆ. ಆಗ ಅತ್ತೆಗೆ ಹೊಳೆದದ್ದು ಚಾತುರ್ಮಾಸ್ಯ.

ನಮ್ಮದು ವೈಷ್ಣವರ ಮನೆ, ಮದರಾಸಿಗೆ ಬಂದು ಮೂರು ತಲೆಮಾರಾದರೂ ಮಡಿ ಬಿಟ್ಟಿರಲಿಲ್ಲ. ಆಷಾಢದ ಏಕಾದಶಿಯಿಂದ ಕಾರ್ತಿಕದ ದ್ವಾದಶಿಯವರೆಗೆ ನಾಲ್ಕು ತಿಂಗಳ ವ್ರತ. ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರು ಇಲ್ಲ, ಒಂದು ತಿಂಗಳು ಹಾಲು ಇಲ್ಲ, ಕೊನೆಯ ತಿಂಗಳು ಬೇಳೆ ಇಲ್ಲ. ಕಟ್ಟುನಿಟ್ಟಾಗಿ ಹಿಡಿದವರು ತಮ್ಮ ಅಡಿಗೆ ತಾವೇ ಮಾಡಿಕೊಂಡು ಉಣ್ಣುತ್ತಾರೆ, ಅವರನ್ನು ಯಾರೂ ಮುಟ್ಟುವ ಹಾಗಿಲ್ಲ. ಸುಧಾ ಈ ವರ್ಷ ಮಡಿಯಲ್ಲಿ ಚಾತುರ್ಮಾಸ್ಯ ಹಿಡಿದಿದ್ದಾಳೆ ಎಂದು ಅತ್ತೆ ಫೋನಿನಲ್ಲಿ ಎಲ್ಲರಿಗೂ ಹೇಳಿದರು. ನನಗೆ ಹೇಳಿದ್ದು ಅದಾದ ಮೇಲೆ. ಎರಡು ಪಾತ್ರೆ ಕೊಟ್ಟು, ಒಂದು ಒಲೆಯನ್ನು ಹಿಂದಿನ ಕೋಣೆಯ ಹೊರಗೆ ಹಾಕಿಸಿದರು. ನಾನು ಸ್ನಾನ ಮಾಡಿ ಬಂದ ಕೂಡಲೇ ಬಚ್ಚಲಿಗೆ ನುಗ್ಗಿ ಫಿನಾಯಿಲ್ ಸುರಿದು ಒರೆಸುವುದು ಮಾತ್ರ ಅವರೇ. ಕೆಲಸದವಳಿಗೆ ಬಿಟ್ಟರೆ ಅವಳು ಯಾಕೆ ಎಂದು ಕೇಳಿಬಿಟ್ಟರೆ!

ಮೈದುನ ಗುರುರಾಜ ಬ್ಯಾಂಕಿನಲ್ಲಿ ದೊಡ್ಡ ಆಫೀಸರು. ಓದಿದವನು. ಇದು ತಟ್ಟೆ ಲೋಟದಿಂದ ಬರುವುದಿಲ್ಲ, ಅಡಿಗೆಯಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ ಎಂದು ಡಾಕ್ಟರು ಅವನ ಮುಂದೆಯೇ ಹೇಳಿದ್ದರು. ಅವನು ತಲೆಯಾಡಿಸಿ, ಇಂಗ್ಲಿಷಿನಲ್ಲಿ ಎರಡು ಜಾಣ ಪ್ರಶ್ನೆ ಕೇಳಿ, ಕಾರಿನಲ್ಲಿ ಬರುವಾಗ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕಿಟಕಿ ಇಳಿಸಿಕೊಂಡ. ಅತ್ತೆಗೆ ತಿಳಿಯದು ಎಂದಾದರೂ ಅನ್ನಬಹುದು. ತಿಳಿದೂ ಕಿಟಕಿ ಇಳಿಸುವವನನ್ನು ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಆಷಾಢದಲ್ಲಿ ನನಗೆ ಯಾವುದಕ್ಕೂ ಎದುರಾಡುವ ಚೈತನ್ಯವಿರಲಿಲ್ಲ. ಇನ್ಶೂರೆನ್ಸ್ ಆಫೀಸಿಗೆ ಸಂಬಳವಿಲ್ಲದ ರಜ ಹಾಕಿದ್ದೆ. ಹೊರಗೆ ಮದರಾಸಿನ ಬಿಸಿಲು, ಸಂಜೆಗೆ ಸುಮ್ಮನೆ ಗುಡುಗಿ ಹೋಗುವ ಮೋಡ, ಒಳಗೆ ನಾನು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ತಲೆ ಬಾಚುವುದು ಬೆಟ್ಟದಂಥ ಕೆಲಸ. ದಿನಕ್ಕೊಂದು ಮಾತ್ರೆ ನುಂಗಬೇಕಿತ್ತು, ಅದನ್ನು ಕೈಯಲ್ಲಿ ಹಿಡಿದು ಯಾತಕ್ಕೆ ಎಂದು ಯೋಚಿಸುತ್ತಾ ಎಷ್ಟೋ ದಿನ ಹಾಗೇ ವಾಪಸು ಡಬ್ಬಿಗೆ ಹಾಕಿದ್ದೆ. ಗುರುರಾಜನಿಗೆ ಹೈದರಾಬಾದಿಗೆ ವರ್ಗವಾಗಿತ್ತು. ಹೆಂಡತಿ ಆಗಲೇ ಹೋಗಿ ಮನೆ ಹಿಡಿದಿದ್ದಳು. ಕಾರ್ತಿಕದಲ್ಲಿ ತಾಯಿಯನ್ನು ಕರೆದುಕೊಂಡು ಹೋಗುವಾಗ ಮೇಘನಾಳನ್ನೂ ಕರೆದೊಯ್ಯುತ್ತೇನೆ, ಅಲ್ಲಿ ಒಳ್ಳೆಯ ಸ್ಕೂಲಿದೆ, ನೀವು ನಿಮ್ಮಣ್ಣನ ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದ. ನಾನು ಗೋಡೆ ನೋಡುತ್ತಲೇ ಹೂಂ ಎಂದೆ. ನನಗಿದ್ದದ್ದು ಅವಳೊಬ್ಬಳು. ಅವಳನ್ನು ಕೊಂಡುಹೋಗುತ್ತೇವೆ ಎಂದರೂ ಹೂಂ ಎನ್ನುವ ಸ್ಥಿತಿಗೆ ಬಂದಿದ್ದೆ.

ಮಜಾ ನೋಡಿ, ನೆಂಟರಿಗೆ ಇದೆಲ್ಲ ತಪಸ್ಸಾಗಿ ಕಂಡಿತು. ನಾನು ಊಟ ಬಿಟ್ಟರೆ ಉಪವಾಸ. ಮಾತಾಡದಿದ್ದರೆ ಮೌನ. ತಲೆ ಬಾಚದಿದ್ದರೆ ವೈರಾಗ್ಯ. ಮಾಂಬಳದಿಂದ, ತಿರುವಲ್ಲಿಕ್ಕೇಣಿಯಿಂದ ಹೆಂಗಸರು ಬಂದು ಹೊಸ್ತಿಲ ಆಚೆ ನಿಂತು ನನ್ನನ್ನು ನೋಡಿ ಕೈಮುಗಿದು ಹೋಗುತ್ತಿದ್ದರು. ಈ ಕಾಲದಲ್ಲಿ ಇಂಥ ಸೊಸೆ ಉಂಟೇ ಎಂದು ಅತ್ತೆಯನ್ನು ಹೊಗಳುತ್ತಿದ್ದರು. ಅತ್ತೆ ಮೊದಮೊದಲು ಅಳುಕುತ್ತಿದ್ದವರು ಬರಬರುತ್ತಾ ಆ ಹೊಗಳಿಕೆಯನ್ನು ಸಲೀಸಾಗಿ ತೆಗೆದುಕೊಳ್ಳತೊಡಗಿದರು. ತಿಂಗಳಿಗೊಮ್ಮೆ ನಾನು ಸರ್ಕಾರಿ ಆಸ್ಪತ್ರೆಗೆ ಮಾತ್ರೆ ತರಲು ಹೋದರೆ, ರಾಯರ ಮಠಕ್ಕೆ ಹೋಗಿದ್ದಾಳೆ ಎನ್ನುತ್ತಿದ್ದರು. ಹೀಗೆ ಸಾಯುತ್ತಿರುವ ಹೆಂಗಸನ್ನು ನೋಡಿ ಕೈಮುಗಿದು, ಕಾಫಿ ಕುಡಿದು ಹೋದ ಆ ಮಹಿಳಾಮಣಿಗಳಲ್ಲಿ ಒಬ್ಬಳಾದರೂ ಒಳಗೆ ಬಂದು, ಯಾಕಮ್ಮ ಹೀಗಿದ್ದೀಯಾ ಎಂದು ಕೇಳಲಿಲ್ಲ. ಮಡಿ ಅಲ್ಲವೆ, ಕೇಳಿದರೆ ಮೈಲಿಗೆಯಾಗುತ್ತದೆ.

ಆಸ್ಪತ್ರೆಯಲ್ಲಿ ನಮಗೆ ಸಮಾಧಾನ ಹೇಳಲು ಒಬ್ಬರು ಕೌನ್ಸೆಲರ್ ಇದ್ದರು. ಜೇನಿನಂಥ ದನಿ. ಬೆಳಗ್ಗೆ ಎದ್ದು ಸೂರ್ಯೋದಯ ನೋಡಿ, ನಿಮಗೆ ನೋವು ಕೊಟ್ಟವರನ್ನು ಕ್ಷಮಿಸಿ, ಮನಸ್ಸು ಹಗುರಾಗುತ್ತದೆ ಎನ್ನುತ್ತಿದ್ದರು. ಶ್ರಾವಣದಲ್ಲಿ ಹಾಗೆ ಒಂದು ದಿನ ಅವರ ಮುಂದೆ ನಾವು ಹತ್ತಾರು ಹೆಂಗಸರು ಕಣ್ಣುಮುಚ್ಚಿ ಉಸಿರು ಎಳೆದು ಬಿಡುತ್ತಿದ್ದಾಗ, ನನ್ನ ಪಕ್ಕದವಳು ಒಂದು ಕಣ್ಣು ತೆಗೆದು ನನ್ನನ್ನು ನೋಡಿ ನಕ್ಕಳು. ಅವಳೇ ಕಸ್ತೂರಿ. ಪೋರೂರಿನವಳು, ತಮಿಳಿನವಳು, ಅಲ್ಲೊಂದು ಖಾಸಗಿ ಶಾಲೆಯಲ್ಲಿ ಟೀಚರು. ಗಂಡನಿಂದ ಬಂದದ್ದು, ಗಂಡ ಬೇರೊಬ್ಬಳ ಜೊತೆ ಚೆನ್ನಾಗಿಯೇ ಇದ್ದಾನೆ. ಹೊರಗೆ ಬಂದ ಮೇಲೆ ಬೆಂಚಿನಲ್ಲಿ ಕೂತು ಅವಳು ನನ್ನ ಕಥೆ ಕೇಳಿದಳು. ಯಾರೂ ಕೇಳಿರಲಿಲ್ಲವಾದ್ದರಿಂದ ನಾನು ಎಲ್ಲವನ್ನೂ ಹೇಳಿದೆ, ಮಾತ್ರೆ ಡಬ್ಬಿಗೆ ವಾಪಸು ಹಾಕುವುದನ್ನೂ, ಮಗಳನ್ನು ಒಯ್ಯುವ ಮಾತನ್ನೂ.

ಅವಳು ನನ್ನನ್ನು ಸಂತೈಸಲಿಲ್ಲ. "ನೀ ಸೆತ್ತಾ ಅವಂಗಳುಕ್ಕು ತಾನ್ ವಸದಿ," ಎಂದಳು. ನೀನು ಸತ್ತರೆ ಅನುಕೂಲ ಅವರಿಗೇ. ಆಮೇಲೆ ತನ್ನ ಗಂಡನನ್ನು, ಅವನ ತಾಯಿಯನ್ನು, ನನ್ನತ್ತೆಯನ್ನು, ಗುರುರಾಜನ ಕಾರಿನ ಕಿಟಕಿಯನ್ನು ಸೇರಿಸಿ ಬೈದಳು. ಎಂಥ ಬೈಗುಳ ಅಂತೀರಿ! ಇನ್ಶೂರೆನ್ಸ್ ಆಫೀಸಿನಲ್ಲಿ ಇಷ್ಟು ವರ್ಷ ತಮಿಳರ ಜೊತೆ ಇದ್ದರೂ ನಾನು ಕೇಳಿರದ ಮಾತುಗಳು. ನಾನು ನಕ್ಕುಬಿಟ್ಟೆ. ನಕ್ಕು ಒಂದೂವರೆ ವರ್ಷವಾಗಿತ್ತು, ದವಡೆ ನೋಯಿತು.

ಕ್ಷಮಿಸಿದರೆ ಹಗುರಾಗುವವರು ಇರಬಹುದು, ಅವರ ಸಂಗತಿ ನನಗೆ ತಿಳಿಯದು. ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ತಾತ್ಸಾರ. ಇವರನ್ನು ಕೀಳಾಗಿ ಕಾಣುವುದಕ್ಕಾದರೂ ನಾನು ಬದುಕಿರಬೇಕು ಎಂದು ಮಾತ್ರೆ ನುಂಗತೊಡಗಿದೆ. ಅದೊಂದರಿಂದಲೇ ಎದ್ದೆ ಎಂದರೆ ಸುಳ್ಳು. ಕಸ್ತೂರಿ ನನ್ನನ್ನು ಅದೇ ಆಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆ ಡಾಕ್ಟರಮ್ಮ ಹೆಚ್ಚು ಮಾತಾಡದೆ, ಇದು ಸೋಮಾರಿತನವಲ್ಲ, ಹಣೆಬರಹವೂ ಅಲ್ಲ, ಕಾಯಿಲೆ ಎಂದು ಹೇಳಿ ಇನ್ನೊಂದು ಮಾತ್ರೆ ಬರೆದುಕೊಟ್ಟರು. ಚೆನ್ನಾಗಿ ತಿನ್ನಬೇಕು ಎಂದೂ ಹೇಳಿದರು. ವಾರಗಳು ಕಳೆದ ಮೇಲೆ ಒಂದು ಬೆಳಗ್ಗೆ ಕಿಟಕಿಯಾಚೆ ಕಾಗೆ ಕೂಗುವುದು ಕೇಳಿಸಿತು. ಅದು ದಿನಾ ಕೂಗುತ್ತಿದ್ದಿರಬೇಕು.

ಚೆನ್ನಾಗಿ ತಿನ್ನುವುದು ಎಲ್ಲಿ? ಮನೆಯಲ್ಲಿ ವ್ರತ ನಿಜವಾಗಿಯೇ ನಡೆಯುತ್ತಿತ್ತು. ಯಾರಾದರೂ ನೋಡಿದರೆ ಎಂದು ಅತ್ತೆ ನನಗೆ ಮೊದಲು ತರಕಾರಿ ನಿಲ್ಲಿಸಿದರು, ಆಮೇಲೆ ಮೊಸರು, ಆಮೇಲೆ ಹಾಲು. ತಾವು ಮಾತ್ರ ಸಂಜೆ ಗಟ್ಟಿ ಹಾಲಿನ ಕಾಫಿ ಕುಡಿಯುತ್ತಿದ್ದರು. ಬೇಳೆ ನಿಂತ ಕೊನೆಯ ತಿಂಗಳಲ್ಲಿ ಕಸ್ತೂರಿ ಆಸ್ಪತ್ರೆಗೆ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ತಂದಳು. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದವಳು ನಾನು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಉಪ್ಪು ಮೆಣಸು ಹಾಕಿಕೊಂಡು ಎರಡು ಮೊಟ್ಟೆ ತಿಂದೆ. ಮನೆಗೆ ಹೋದರೆ ಮಾಂಬಳದ ಹೆಂಗಸೊಬ್ಬಳು ಹೊಸ್ತಿಲ ಆಚೆಯಿಂದ ನನಗೆ ನಮಸ್ಕಾರ ಮಾಡಿದಳು. ನಾನೂ ಗಂಭೀರವಾಗಿ ತಲೆದೂಗಿದೆ.

ಮನಸ್ಸು ತಿಳಿಯಾದಂತೆಲ್ಲ ಒಂದು ವಿಷಯ ಕೊರೆಯತೊಡಗಿತು. ಮೇಘನಾ. ಅಮ್ಮ ಮಡಿ, ಮುಟ್ಟಬಾರದು ಎಂದು ಅವಳಿಗೆ ಚೆನ್ನಾಗಿ ಕಲಿಸಿದ್ದರು. ಸ್ಕೂಲಿಂದ ಬಂದರೆ ನನ್ನ ಕೋಣೆಯ ಹೊಸ್ತಿಲ ಹತ್ತಿರ ಬಂದು ನಿಲ್ಲುತ್ತಿದ್ದಳು, ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ತಾಗದಂತೆ ಎಚ್ಚರ ವಹಿಸುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಕೊಡುವುದು ತಮಿಳಿನಲ್ಲಿ. ಒಂದು ದಿನ, ಹೈದರಾಬಾದಿನಲ್ಲಿ ಬೀಚ್ ಇಲ್ಲವಂತೆ ಎಂದಳು. ನಾನು ಗುರುರಾಜನಿಗೆ, ಮಗುವನ್ನು ಕಳಿಸುವುದಿಲ್ಲ ಎಂದೆ. ಅವನು ತಾಯಿಯ ಮುಖ ನೋಡಿದ. ಆಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರಿಗೆ ಹೇಳುವ ದನಿಯಲ್ಲಿ, ನೀವು ಮೊದಲೇ ಒಪ್ಪಿದ್ದೀರಿ, ನಿಮ್ಮ ಸ್ಥಿತಿಯಲ್ಲಿ ಮಗುವಿನ ಹಿತ ಯಾವುದೆಂದು ನಿಮಗೆ ಗೊತ್ತಾಗುತ್ತಿಲ್ಲ, ಜಾಸ್ತಿ ಮಾತಾಡಿದರೆ ನಿಮ್ಮ ವಿಷಯ ನಾಲ್ಕು ಜನಕ್ಕೆ ತಿಳಿಯುತ್ತದೆ ಎಂದ. ಟಿಕೆಟ್ಟು ಆಗಿತ್ತು. ಕಾರ್ತಿಕ ದ್ವಾದಶಿ ಮುಗಿದ ಮಾರನೆಯ ದಿನ ಹೊರಡುವುದು.

ಕಾರ್ತಿಕದ ಹೊತ್ತಿಗೆ ಮಳೆ ಹಿಡಿಯಿತು. ಮದರಾಸಿನ ಮಳೆಯ ಕಥೆ ಗೊತ್ತಿದ್ದದ್ದೇ. ಸಬ್‌ವೇ ತುಂಬಿತು, ನಮ್ಮ ಬೀದಿಯಲ್ಲಿ ಮೊಳಕಾಲವರೆಗೆ ನೀರು, ಆಟೋಗಳು ಅಲ್ಲಲ್ಲೇ ನಿಂತವು. ಏಕಾದಶಿಯ ಹಿಂದಿನ ದಿನ ದೊಡ್ಡತ್ತೆ ಬಂದಿಳಿದರು. ಮಾವನ ಅಕ್ಕ, ತಿರುವಲ್ಲಿಕ್ಕೇಣಿಯವರು, ಎಂಬತ್ತು ದಾಟಿದವರು. ಇಡೀ ಬಳಗ ಅವರಿಗೆ ಹೆದರುತ್ತಿತ್ತು. ಅವರ ಮಡಿ ಎಷ್ಟೆಂದರೆ ಮಠದ ಊಟದಲ್ಲೂ ತಪ್ಪು ಹುಡುಕುತ್ತಿದ್ದರು. ವಿಧವೆಯರು ದೇವರ ಅಡಿಗೆ ಮುಟ್ಟಬಾರದು ಎಂಬ ಕಟ್ಟಳೆಯೊಂದನ್ನು ಮಾತ್ರ, ತಾವು ವಿಧವೆಯಾದ ದಿನ ತಾವೇ ರದ್ದು ಮಾಡಿದ್ದರು. ನನ್ನ ವ್ರತದ ಸುದ್ದಿ ಕೇಳಿ, ಪಾರಣೆಗೆ ನಾನು ಅಲ್ಲಿರಬೇಕು ಎಂದು ಹಟ ಹಿಡಿದು ನೀರಿನಲ್ಲೇ ಬಂದಿದ್ದರು. ಅಡಿಗೆಯ ಆಚಾರ್ಯರಿಗೆ ಹೇಳಿ ಇಟ್ಟಿದ್ದೇವೆ ಎಂದು ಅತ್ತೆ ಹೇಳಿದರು.

ದ್ವಾದಶಿ ಬೆಳಗ್ಗೆ ಕರೆಂಟಿರಲಿಲ್ಲ, ಮೋಟಾರ್ ಓಡದೆ ಟ್ಯಾಂಕ್ ಖಾಲಿ. ನೀರು ದಾಟಿ ಬರಲಾಗದು ಎಂದು ಆಚಾರ್ಯರ ಫೋನು ಬಂತು. ಆ ಸಲ ದ್ವಾದಶಿ ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ ಇತ್ತು. ಅಷ್ಟರೊಳಗೆ ಉಂಡರೆ ಪಾರಣೆ, ಇಲ್ಲದಿದ್ದರೆ ಏಕಾದಶಿಯ ಫಲ ಹೋಯಿತು ಎಂದು ಲೆಕ್ಕ. ಅತ್ತೆ ಸ್ನಾನ ಮಾಡಿ ಮಡಿ ಉಟ್ಟು ತಾವೇ ಅಡಿಗೆಗೆ ನಿಲ್ಲುವವರಿದ್ದರು. ನಾನು ಬಚ್ಚಲ ಡ್ರಮ್ಮಿನಲ್ಲಿ ಉಳಿದಿದ್ದ ಕೊನೆಯ ನೀರಿನಲ್ಲಿ ಸ್ನಾನ ಮಾಡಿ ಬಂದೆ. ಅತ್ತೆಗೆ ಅಭ್ಯಾಸಬಲ, ನಾನು ಹೊರಗೆ ಬಂದದ್ದೇ ಮಡಿ ಸೀರೆಯಲ್ಲೇ ಫಿನಾಯಿಲ್ ಬಾಟಲಿ ಹಿಡಿದು ಬಚ್ಚಲಿಗೆ ನುಗ್ಗಿದರು. ಒರೆಸಿ ಬಟ್ಟೆ ಹಿಂಡುತ್ತಾ ತಿರುಗಿದರೆ ಎದುರಿಗೆ ದೊಡ್ಡತ್ತೆ, ಕೈಯಲ್ಲಿ ಜಪಮಣಿ.

"ಏನೇ ರುಕ್ಮಿಣಿ, ಬಚ್ಚಲು ಒರೆಸೋ ತುಣಿ ಕೈಯಲ್ಲಿ ಹಿಡಕೊಂಡು ಯಾವ ಮಡಿಯೇ ನಿಂದು?"

ಅತ್ತೆ ತಡವರಿಸಿ, ಇನ್ನೊಂದು ಸಲ ಸ್ನಾನ ಮಾಡ್ತೀನಿ ಅತ್ತಿಗೆ ಎಂದರು. ಯಾವ ನೀರಲ್ಲಿ, ಬೀದಿ ನೀರಲ್ಲೋ ಎಂದು ದೊಡ್ಡತ್ತೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸುಧಾ ಇದಾಳಲ್ಲ. ನಾಲ್ಕು ತಿಂಗಳಿಂದ ಒಂದು ಪ್ರಾಣಿ ಮುಟ್ಟಿಲ್ಲ ಅವಳನ್ನ. ಈ ಮನೇಲಿ ಮಡಿ ಅಂತ ಇದ್ರೆ ಅವಳೊಬ್ಬಳೇ. ಅವಳು ಅಡಿಗೆ ಮಾಡಲಿ, ಅವಳೇ ಬಡಿಸಲಿ. ಸೀಕ್ರಮ್ ಆಗಲಿ, ದ್ವಾದಶಿ ಹೋಗುತ್ತೆ."

ಅತ್ತೆ ಗುರುರಾಜನ ಮುಖ ನೋಡಿದರು, ಅವನು ತಾಯಿಯ ಮುಖ ನೋಡಿದ. ಅವರಿಗಿದ್ದದ್ದು ಎರಡು ದಾರಿ. ಒಂದು, ದೊಡ್ಡತ್ತೆಗೆ ನಿಜ ಹೇಳುವುದು. ಇನ್ನೊಂದು, ನನ್ನ ಕೈ ಅಡಿಗೆ ಉಣ್ಣುವುದು. ಅದನ್ನು ಉಂಡರೆ ಸಾವು ಎಂದು ಒಂದೂವರೆ ವರ್ಷದಿಂದ ನಂಬಿದ್ದವರು, ನನ್ನ ಮಗಳನ್ನೂ ಅದೇ ಹೆದರಿಕೆಗೆ ನನ್ನಿಂದ ದೂರ ಇಟ್ಟವರು. ಬಾಯಿ ಬಿಡುತ್ತಾರೇನೋ ಎಂದು ನಾನು ಕಾದೆ. ಬಿಡಲಿಲ್ಲ. ಬಳಗದ ಮುಂದೆ ತಲೆ ತಗ್ಗಿಸುವುದಕ್ಕಿಂತ ಉಂಡು ಸಾಯುವುದೇ ವಾಸಿ ಎಂದು ಇಬ್ಬರೂ ಸುಮ್ಮನಾದರು. ಇಷ್ಟೇನಾ ಇವರು, ಇಂಥವರಿಗೆ ಹೆದರಿ ನಾನು ಗೋಡೆ ನೋಡುತ್ತಾ ಮಲಗಿದ್ದೆನಾ ಎನಿಸಿತು.

ಒಳಮನೆಗೆ ಹೋಗಿ, ಅಡಿಗೆಗೆಂದು ಬಿಂದಿಗೆಯಲ್ಲಿ ತುಂಬಿಟ್ಟಿದ್ದ ನೀರು ತೆಗೆದುಕೊಂಡು ಒಲೆ ಹಚ್ಚಿದೆ. ಅಗಸೆ ಸೊಪ್ಪಿನ ಪಲ್ಯ, ಸುಂಡೆಕಾಯಿ ಗೊಜ್ಜು, ನೆಲ್ಲಿಕಾಯಿ ತಂಬುಳಿ, ತೊಗರಿಬೇಳೆ ಸಾರು. ಒಂದೂವರೆ ವರ್ಷದ ಮೇಲೆ ನಾಲ್ಕು ಜನರಿಗೆ ಅಡಿಗೆ ಮಾಡುತ್ತಿದ್ದೆ, ಕೈ ಮರೆತಿರಲಿಲ್ಲ. ಗುರುರಾಜ ಮಡಿ ಪಂಚೆಯುಟ್ಟು ಮಂಗಳಾರತಿ ಮಾಡಿದ, ನೈವೇದ್ಯ ತೋರಿಸಿದ. ಎಲೆ ಹಾಕಿದ ಮೇಲೆ ತನಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ನೋಡಿದ. ದ್ವಾದಶಿ ಪಾರಣೆ ಬಿಡೋ ಗಂಡಸನ್ನ ನಾನು ನೋಡಿಲ್ಲ ಎಂದು ದೊಡ್ಡತ್ತೆ ಅವನನ್ನು ಕೂರಿಸಿದರು. ನಾನು ಸಾರು ಬಡಿಸಿದ ಮೇಲೆ ಅವನು ಅನ್ನ ಕಲಸಿ ಕಲಸಿ ಹೊತ್ತು ಕಳೆದ. ಕಣ್ಣು ಮುಚ್ಚಿ ಮೊದಲ ತುತ್ತು ಇಟ್ಟುಕೊಂಡ. ಅತ್ತೆ ಅಗಿಯದೆ ನುಂಗುತ್ತಿದ್ದರು. ದೊಡ್ಡತ್ತೆ ಮಾತ್ರ ಸಾರು ಸೊರಸೊರ ಎಳೆದು ಮೂರು ಸಲ ಹಾಕಿಸಿಕೊಂಡರು. ನಿಜ ಗೊತ್ತಿದ್ದರೆ ಈ ಮುದುಕಿ ಎಲ್ಲರಿಗಿಂತ ಮೊದಲು ಎಲೆ ಬಿಟ್ಟು ಏಳುತ್ತಿದ್ದಳು, ಅದರಲ್ಲಿ ನನಗೆ ಸಂಶಯವಿರಲಿಲ್ಲ. ಅವರು ಆಮೇಲೂ ಎಷ್ಟೋ ವರ್ಷ ಗಟ್ಟಿಯಾಗಿದ್ದು, ಸುಧಾ ಕೈ ಸಾರು ಎಂದು ಹೇಳಿಕೊಂಡೇ ಹೋದರು. ಗುರುರಾಜನೂ ಅತ್ತೆಯೂ ಪ್ರಯಾಣ ಮುಂದೂಡಿ, ಮರುವಾರ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಸಾಲಿನಲ್ಲಿ ನಿಂತದ್ದನ್ನು ಕಸ್ತೂರಿ ಕಣ್ಣಾರೆ ಕಂಡು, ಹೆಸರು ಕೂಗಿದಾಗ ಗುರುತು ಹಿಡಿದು, ನನಗೆ ಫೋನ್ ಮಾಡಿ ನಕ್ಕಳು. ಸಾಲು ಉದ್ದವಿತ್ತಂತೆ.

ಒಂದನ್ನು ಅವರು ಮರೆತಿದ್ದರು. ಯಾವ ವ್ರತಕ್ಕೂ ಮುಗಿಯುವ ದಿನ ಇರುತ್ತದೆ. ಕೈಗೆ ನೀರು ಹಾಕಿಸಿಕೊಂಡು ಬಂದ ದೊಡ್ಡತ್ತೆ ಗೋಡೆಗೊರಗಿ ಕೂತು, ಬಾಗಿಲಲ್ಲಿ ನಿಂತಿದ್ದ ಮೇಘನಾಳನ್ನು ನೋಡಿದರು. ಅವಳು ಎಂದಿನಂತೆ ಹೊಸ್ತಿಲಿಗೆ ಹೆಬ್ಬೆರಳು ತಾಗದ ಹಾಗೆ ನಿಂತಿದ್ದಳು. ಗುರುರಾಜ ಎಲೆಯ ಮುಂದೆ ಇನ್ನೂ ಹೆಣಗುತ್ತಿದ್ದ.

"ವ್ರತ ಮುಗೀತಲ್ಲ ಸುಧಾ, ಇನ್ನು ಮಡಿ ಸಾಕು. ಮಗೂನ ಮುಟ್ಟು. ಪಾವಂ, ನಾಲ್ಕು ತಿಂಗಳಿಂದ ಕಾದಿದೆ. ಒಂದು ಕೈತುತ್ತು ಹಾಕು."

ಅವಳು ಆಮೇಲೆ ತಿಂತಾಳೆ, ನಾನು ಕೊಡ್ತೀನಿ ಎಂದು ಅತ್ತೆ ಅರ್ಧ ಎದ್ದರು. ನೀನು ಕೂತ್ಕೋ ಎಂದು ದೊಡ್ಡತ್ತೆ ಗದರಿದರು. ನನಗೆ ಆ ಗಳಿಗೆ ಬಿಟ್ಟರೆ ಇನ್ನೊಂದು ಸಿಗುವುದಿಲ್ಲ ಎಂದು ಗೊತ್ತಿತ್ತು.

"ದೊಡ್ಡತ್ತೆ, ಇವಳನ್ನ ನಾಳೆ ಹೈದರಾಬಾದಿಗೆ ಕರ್ಕೊಂಡು ಹೋಗ್ತಾರಂತೆ. ನಾನು ಕಳಿಸಲ್ಲ. ಯಾಕೆ ಕಳಿಸಬೇಕು ಅಂತ ನಿಮ್ಮ ಮುಂದೆ ಹೇಳಲಿ ಇವರು."

ದೊಡ್ಡತ್ತೆ ಗುರುರಾಜನ ಕಡೆ ತಿರುಗಿದರು. ಇಂಥ ತಾಯಿಯನ್ನು ಬಿಟ್ಟು ಮಗು ಯಾಕೋ ಹೋಗಬೇಕು ಎಂದು ಕೇಳಿದರು. ಕಾರಣ ಅವನ ಬಾಯಲ್ಲಿತ್ತು, ನನ್ನ ಅಡಿಗೆಯ ತುತ್ತಿನ ಜೊತೆಗೇ. ಎರಡರಲ್ಲಿ ಯಾವುದನ್ನೂ ಉಗುಳಲಾಗಲಿಲ್ಲ. "ಸುಮ್ನೆ ಕೇಳಿದ್ವಿ, ಅಷ್ಟೇ," ಎಂದು ನುಂಗಿದ. ಟಿಕೆಟ್ಟಿನ ಮಾತು ಅಲ್ಲಿಗೆ ಮುಗಿಯಿತು. ನಾನೂ ಮಗಳೂ ಆ ಕಾರ್ತಿಕ ಕಳೆಯುವ ಮೊದಲು ಪೋರೂರಿಗೆ, ಕಸ್ತೂರಿ ನೋಡಿಟ್ಟಿದ್ದ ಎರಡು ಕೋಣೆಯ ಮನೆಗೆ ಬಂದೆವು. ನಾನು ಆಫೀಸಿಗೆ ಮರಳಿದೆ.

ಅದೆಲ್ಲ ಆಮೇಲೆ. ಅಂದು ತಟ್ಟೆಯಲ್ಲಿ ಅನ್ನಕ್ಕೆ ಸಾರು ಹಾಕಿ, ತುಪ್ಪ ಬಿಟ್ಟು ಕಲಸಿ, ಬಾ ಚಿನ್ನಾ ಎಂದೆ. ಮೇಘನಾ ಮೊದಲು ಅಜ್ಜಿಯನ್ನು ನೋಡಿದಳು. ಅಜ್ಜಿ ನೆಲ ನೋಡುತ್ತಿದ್ದರು. ಅವಳು ಹೊಸ್ತಿಲು ದಾಟಿದಳು, ಮೆಲ್ಲಗೆ, ಎಲ್ಲಿ ಬೈಯುತ್ತಾರೋ ಎಂದು ಹೆಜ್ಜೆಹೆಜ್ಜೆಗೂ ನಿಂತು. ನನ್ನ ಮುಂದೆ ಮೊಣಕಾಲೂರಿ ಕೂತು ಬಾಯಿ ತೆರೆದಳು. ನನ್ನ ಬೆರಳು ಅವಳ ತುಟಿಗೆ ತಾಗಿತು. ನನಗೆ ಅಳು ಬಂತು, ಆದರೆ ಅವರ ಮುಂದೆ ಅಳಬಾರದು ಎಂದು ತಡೆದುಕೊಂಡೆ. ಮೇಘನಾ ಅಗಿದು ನುಂಗಿ, ಕೆನ್ನೆ ಒರೆಸಿಕೊಂಡು, ನನ್ನ ತೊಡೆಯ ಮೇಲೆ ಹತ್ತಿ ಕೂತು, ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

"ಇನ್ನೊರು ವಾಯ್, ಮಾ," ಎಂದಳು.